ನನ್ನ ಪರವಾಗಿ ಹೊಡೆದಾಡಿದವರು

ಕೆಲಸಕ್ಕೆಂದು ಜಗಳೂರಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಂದು ಮನೆಯ ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲಿ ನಿಂತಿದ್ದ ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಕೇಳಿದರು: "ಇವರಿಗೆ ಕನ್ನಡ ಬರ್ತೈತೇನ್ರಿ?"

"ಬರ್ತದೆ ಅಮ್ಮಾ. ನಾನು ಓದಿದ್ದು, ಬರೆದದ್ದು ಎಲ್ಲ ಅದರಲ್ಲೇ" ಎಂದೆ.

ಅವರು ಮತ್ತೆ ಮೇಷ್ಟ್ರ ಕಡೆಗೇ ತಿರುಗಿ, "ಎಷ್ಟು ಚೆಂದ ಮಾತಾಡ್ತಾರೆ ನೋಡ್ರಿ" ಎಂದರು. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ನಾನು ಸಿದ್ದಿ. ಯಲ್ಲಾಪುರದ ಕಡೆಯವನು. ನಮ್ಮ ಹಿರಿಯರನ್ನು ಯಾರೋ ಹಡಗಿನಲ್ಲಿ ತಂದರು, ಯಾರೋ ಮಾರಿದರು, ಅವರು ತಪ್ಪಿಸಿಕೊಂಡು ಕಾಡು ಸೇರಿದರು. ಅದಾಗಿ ಎಷ್ಟು ತಲೆಮಾರು ಕಳೆದವು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆಫ್ರಿಕಾವನ್ನು ನಾನು ನೋಡಿರುವುದು ಶಾಲೆಯ ಗೋಡೆಯ ಭೂಪಟದಲ್ಲಿ ಮಾತ್ರ. ಆದರೂ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ಯಾವ ದೇಶ?" ಮೊದಮೊದಲು ಯಲ್ಲಾಪುರದ ದಾರಿಯನ್ನೂ ವಿವರಿಸಿ ಹೇಳುತ್ತಿದ್ದೆ. ಈಗ "ನಿಮ್ಮದು ಯಾವುದು?" ಎಂದು ತಿರುಗಿ ಕೇಳುತ್ತೇನೆ. ಜನಕ್ಕೆ ಅದು ಹಿಡಿಸುವುದಿಲ್ಲ. ಕಪ್ಪಗಿರುವವನು ಕೋಪಿಸಿಕೊಳ್ಳಬಾರದು, ನಗಬೇಕು, ಹಲ್ಲು ಕಾಣಿಸಬೇಕು.

ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಗಣಿತದ ಮೇಷ್ಟ್ರು ಜಗಳೂರಿನ ಪಕ್ಕದ ಹಳ್ಳಿಯ ಬೇಸಾಯದ ಮನೆಯವರು, ನನಗಿಂತ ಸ್ವಲ್ಪ ಹಿರಿಯರು. ಕೊನೆಗೆ ನನಗೆ ಮನೆ ಸಿಕ್ಕಿದ್ದು ಅವರ ಮಾತಿನ ಮೇಲೆಯೇ. ಅವರಿಗೆ ಫುಟ್‌ಬಾಲ್ ಹುಚ್ಚು. ಚೆಂಡನ್ನು ಒದ್ದವರಲ್ಲ, ನೋಡುವ ಹುಚ್ಚು. ಪಂದ್ಯ ಇಲ್ಲದ ಭಾನುವಾರಗಳಲ್ಲಿ ಫುಟ್‌ಬಾಲಿನ ಸುತ್ತ ತೆಗೆದ ಸಿನಿಮಾಗಳನ್ನು ಹಾಕುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿ ಟೀವಿ ಮುಂದೆ ಕೂರುತ್ತಿದ್ದೆವು. ಅವರ ಮನೆಯವರು ಅಷ್ಟು ಹೊತ್ತಿಗೆ ಅವಲಕ್ಕಿ ಒಗ್ಗರಣೆ ಮಾಡಿಡುತ್ತಿದ್ದರು.

ಆ ಸಿನಿಮಾಗಳಲ್ಲಿ ಆಟಕ್ಕಿಂತ ಆಟ ನೋಡಲು ಬಂದವರದೇ ಕಥೆ. ಇಂಗ್ಲೆಂಡಿನ ಯಾವುದೋ ಊರು. ಕೆಲಸ ಇಲ್ಲದ, ಇದ್ದರೂ ಮರ್ಯಾದೆ ಇಲ್ಲದ ಹುಡುಗರು. ಒಂದು ತಂಡದ ಹೆಸರಿನಲ್ಲಿ ಒಟ್ಟಾಗುತ್ತಾರೆ, ಒಂದೇ ಬಣ್ಣದ ಶಾಲು ಸುತ್ತಿಕೊಳ್ಳುತ್ತಾರೆ, ಕುಡಿಯುತ್ತಾರೆ, ಹಾಡುತ್ತಾರೆ, ಎದುರು ತಂಡದ ಕಡೆಯವರನ್ನು ರೈಲು ನಿಲ್ದಾಣದಲ್ಲಿ ಕಾದು ನಿಂತು ಹೊಡೆಯುತ್ತಾರೆ. ಮೈದಾನದಲ್ಲಿ ಕಪ್ಪು ಆಟಗಾರ ಚೆಂಡು ಮುಟ್ಟಿದರೆ ಮಂಗನ ಹಾಗೆ ಕೂಗುತ್ತಾರೆ, ಬಾಳೆಹಣ್ಣು ಎಸೆಯುತ್ತಾರೆ. ಗುಂಪಿನಲ್ಲೇ ಒಬ್ಬ ಕಪ್ಪು ಗೆಳೆಯನೂ ಇರುತ್ತಾನೆ. ಅವನನ್ನು ಯಾವಾಗಲೋ ಒಮ್ಮೆ ಹೊಡೆದು ಬೀಳಿಸುತ್ತಾರೆ. ಅದನ್ನು ನೋಡಿ ಬಿಳಿಯ ನಾಯಕನಿಗೆ ಬುದ್ಧಿ ಬರುತ್ತದೆ. ಅವನು ಸಮುದ್ರದ ದಂಡೆಯಲ್ಲೋ ಸೇತುವೆಯ ಮೇಲೋ ಒಬ್ಬನೇ ನಡೆಯುತ್ತಾನೆ, ಸಂಗೀತ ಬರುತ್ತದೆ, ಸಿನಿಮಾ ಮುಗಿಯುತ್ತದೆ.

ಒಂದು ಭಾನುವಾರ ಸಿನಿಮಾ ಮುಗಿದ ಮೇಲೆ ನನ್ನ ಹೆಂಡತಿ ಕೇಳಿದಳು: "ಆ ಹೊಡೆಸಿಕೊಂಡ ಹುಡುಗನ ಆಯಿ ಎಲ್ಲಿ? ಅವಳನ್ನ ಯಾಕೆ ತೋರಿಸಲಿಲ್ಲ?"

ಮೇಷ್ಟ್ರು ಟೀವಿ ಆರಿಸಿದರು. ಅವಳ ಮಾತಿನಿಂದ ನನ್ನೊಳಗೆ ಏನೋ ಉರಿಯತೊಡಗಿತು. ಹೊಡೆದವನ ಬಾಲ್ಯ, ಹೊಡೆದವನ ಅಪ್ಪ, ಹೊಡೆದವನ ಒಂಟಿತನ, ಎಲ್ಲವನ್ನೂ ಅಷ್ಟು ಪ್ರೀತಿಯಿಂದ ತೋರಿಸಿದ್ದರು. ಹೊಡೆಸಿಕೊಂಡವನು ಆಸ್ಪತ್ರೆಯಿಂದ ಯಾವ ಮನೆಗೆ ಹೋದ, ಅವನಿಗೆ ಗಂಜಿ ಕಾಯಿಸಿದವರು ಯಾರು ಎಂಬುದು ಯಾರಿಗೂ ಬೇಕಿರಲಿಲ್ಲ.

"ಅವರ ದೇಶದಾಗೆ ಹಂಗೆ ಬಿಡ್ರಿ. ನಮ್ಮ ಕಡೆ ಇಂಥದ್ದೆಲ್ಲ ಇಲ್ಲ" ಎಂದರು ಮೇಷ್ಟ್ರು. ಒಳ್ಳೆಯ ಮನುಷ್ಯ. ಮನಸಾರೆ ನಂಬಿ ಹೇಳಿದ ಮಾತು.

ಆ ಹೊತ್ತಿಗೆ ನಾನು ಹೊನ್ನಾಳಿಯ ಒಂದು ಕಬಡ್ಡಿ ತಂಡಕ್ಕೆ ಅತಿಥಿ ಆಟಗಾರನಾಗಿ ಹೋಗುತ್ತಿದ್ದೆ. ಶಿಕ್ಷಕರ ಕ್ರೀಡಾಕೂಟದಲ್ಲಿ ನನ್ನ ರೈಡ್ ನೋಡಿದ ಅಡಿಕೆ ವ್ಯಾಪಾರದ ಮನೆಯ ಯುವಕನೊಬ್ಬ ಬಂದು ಕರೆದಿದ್ದ. ಅವನು ಆಡುವವನಲ್ಲ, ತಂಡದ ಅಭಿಮಾನಿಗಳ ಮುಂದಾಳು. ಎಲ್ಲಿ ಪಂದ್ಯ ಇದ್ದರೂ ಅವನ ಹಿಂದೆ ಬೈಕುಗಳ ಸಾಲು, ಒಂದೇ ಬಣ್ಣದ ಟೀ ಶರ್ಟು, ತಮಟೆ, ದೊಡ್ಡ ಬಾವುಟ. ನಾನು ಅಂಕಣಕ್ಕೆ ಇಳಿದರೆ ಸಾಕು, "ಕರಿಹುಲಿ, ಕರಿಹುಲಿ" ಎಂದು ಮುಗಿಲು ಮುಟ್ಟುವಂತೆ ಕೂಗುತ್ತಿದ್ದರು. ಗೆದ್ದಾಗ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಊರು ಬಿಟ್ಟು ಬಂದವನಿಗೆ ಅಷ್ಟು ಜನರ ಹೆಗಲು ಸಿಕ್ಕರೆ ಹೇಗಿರುತ್ತದೆ ಎಂದು ಹೇಳಿ ತಿಳಿಸುವುದು ಕಷ್ಟ. ಆ ಹೊತ್ತಿಗೆ ಯಾರೂ ನಿನ್ನ ದೇಶ ಯಾವುದು ಎಂದು ಕೇಳುತ್ತಿರಲಿಲ್ಲ.

ಆದರೆ ಹೆಗಲ ಮೇಲಿಂದ ಇಳಿದ ಮೇಲಿನ ಸಂಗತಿ ಬೇರೆ. ಮುಂದಾಳು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ತನ್ನ ಮನೆಯ ಮುಂದೆ ಎಷ್ಟೋ ಸಲ ನಿಲ್ಲಿಸಿದ್ದಾನೆ. ಬಾಗಿಲ ತನಕ ಹೋಗಿ, "ಇಲ್ಲೇ ಇರಣ್ಣ, ಬಂದೆ" ಎಂದು ಒಳಗೆ ಹೋಗಿ ಬರುತ್ತಿದ್ದ. ಊಟ ಯಾವಾಗಲೂ ಹೋಟೆಲಿನಲ್ಲಿ. ಉಳಿದ ಆಟಗಾರರು ಅವನ ಮನೆಯ ಹೋಳಿಗೆಯ ರುಚಿಯನ್ನು ಹೊಗಳುವಾಗ ನಾನು ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದೆ.

ಚನ್ನಗಿರಿಯಲ್ಲಿ ಪಂದ್ಯಾವಳಿ ನಡೆದದ್ದು ಬೇಸಿಗೆಯಲ್ಲಿ. ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಗಣಿತದ ಮೇಷ್ಟ್ರೂ ನೋಡಲು ಬಂದಿದ್ದರು. ನಮ್ಮ ಎದುರು ಆ ಭಾಗದ್ದೇ ಒಂದು ತಂಡ. ನಾನು ಮೊದಲ ರೈಡಿಗೆ ಗೆರೆ ದಾಟುತ್ತಿದ್ದ ಹಾಗೆ ಎದುರು ಬದಿಯಿಂದ ಆ ಸದ್ದು ಶುರುವಾಯಿತು. ಮೊದಲು ಒಬ್ಬ, ಆಮೇಲೆ ಇಡೀ ಸಾಲು. ಹೂ, ಹೂ, ಹೂ. ಟೀವಿಯಲ್ಲಿ ಕೇಳಿದ್ದೇ ಸದ್ದು, ಸ್ವಲ್ಪವೂ ವ್ಯತ್ಯಾಸ ಇಲ್ಲ. ಅಷ್ಟು ದೂರದವರಿಗೂ ಇಷ್ಟು ಹತ್ತಿರದವರಿಗೂ ಇದನ್ನು ಕಲಿಸಿದವರು ಯಾರು ಎಂದು ನನಗೆ ಇಂದಿಗೂ ತಿಳಿದಿಲ್ಲ. ಮೂರನೆಯ ರೈಡಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಬಂದು ಮ್ಯಾಟಿನ ಮೇಲೆ ಬಿತ್ತು. ಅಂಪೈರ್ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಆಡ್ರಿ, ಆಡ್ರಿ" ಎಂದ.

ನಾನು ಆಡಿದೆ. ಸಿಟ್ಟಿನಲ್ಲಿ ಚೆನ್ನಾಗಿಯೇ ಆಡಿದೆ. ಪಂದ್ಯ ಇನ್ನೇನು ನಮ್ಮ ಕೈಗೆ ಬಂತು ಎನ್ನುವಾಗ ನಮ್ಮ ಕಡೆಯ ಅಭಿಮಾನಿಗಳು ಅಂಕಣ ಹಾರಿ ಆ ಬದಿಗೆ ನುಗ್ಗಿದರು. ಕುರ್ಚಿಗಳು ಹಾರಿದವು. ಬಾವುಟದ ಕೋಲುಗಳೇ ದೊಣ್ಣೆಗಳಾದವು. ಶಾಮಿಯಾನದ ಒಂದು ಕಂಬ ಕಿತ್ತು ಬಂದು, ಅಂಚಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಹೆಂಗಸಿನ ಒಲೆಯ ಮೇಲೆ ಬಿತ್ತು. ಬಾಣಲೆ ಮಗುಚಿತು. ಕಾದ ಎಣ್ಣೆ ಅವರ ಪಾದದ ಮೇಲೆ ಸುರಿಯಿತು.

ಆ ಕೂಗು ನನಗೆ ಉಳಿದೆಲ್ಲ ಗದ್ದಲವನ್ನೂ ಸೀಳಿಕೊಂಡು ಕೇಳಿಸಿತು. ನಾನು, ಮೇಷ್ಟ್ರು ಓಡಿಹೋಗಿ ಅವರನ್ನು ಎತ್ತಿ, ನೀರು ಸುರಿದು, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ನಲವತ್ತೈದು ಐವತ್ತರ ಹೆಂಗಸು. ಚನ್ನಗಿರಿಯವರೇ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಬಟ್ಟೆ ಕಟ್ಟಿದ ಮೇಲೆ ನನ್ನ ಬನಿಯನ್ನಿನ ಮೇಲಿದ್ದ ತಂಡದ ಗುರುತನ್ನು ನೋಡಿ ಕೇಳಿದರು:

"ನಿಮ್ಮ ಸಲುವಾಗೇ ಬಡದಾಡಿದ್ರಂತಲ್ಲ, ಹೌದೇನ್ರಿ?"

"ನನ್ನ ಸಲುವಾಗಿ ಅಲ್ಲಮ್ಮ" ಎಂದೆ.

"ಮತ್ಯಾರ ಸಲುವಾಗಿ?"

ನಾನು ಅವರ ಕಾಲಿನ ಕೆಳಗೆ ದಿಂಬು ಸರಿಸಿದೆ. ಅವರು ಕಣ್ಣು ಮುಚ್ಚಿಕೊಂಡು, "ನನ್ನ ಸಲುವಾಗಂತೂ ಅಲ್ಲ ಬಿಡ್ರಿ" ಎಂದರು.

ಸಂಜೆ ಬಸ್ ನಿಲ್ದಾಣದ ಹತ್ತಿರ ಮುಂದಾಳು ಸಿಕ್ಕ. ಹುಬ್ಬಿನ ಮೇಲೆ ಗಾಯ, ಮುಖದಲ್ಲಿ ಹಬ್ಬದ ಕಳೆ. ಅವನ ಗುಂಪು ಫೋನಿನಲ್ಲಿ ಜಗಳದ ವಿಡಿಯೋ ನೋಡಿ ಒಬ್ಬರನ್ನೊಬ್ಬರು ತಟ್ಟಿ ನಗುತ್ತಿತ್ತು.

"ಎಲ್ಲೋಗಿದ್ದೆ ಅಣ್ಣ? ನಿನಗೆ ಅಂದೋರಿಗೆ ಹೆಂಗೆ ಕೊಟ್ವಿ ನೋಡ್ಬೇಕಿತ್ತು."

"ಬಜ್ಜಿ ಮಾರೋ ಅಮ್ಮನ ಕಾಲು ಸುಟ್ಟಿದೆ. ಆಸ್ಪತ್ರೆಯಲ್ಲಿದ್ದಾರೆ. ನೋಡಲಿಕ್ಕೆ ಬಾ" ಎಂದೆ.

"ಯಾವ ಅಮ್ಮ?" ಎಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ, "ಅಲ್ಲಣ್ಣ, ನಿನ್ನ ಸಲುವಾಗಿ ರಕ್ತ ಸುರಿಸೀವಿ. ಒಂದು ಥ್ಯಾಂಕ್ಸ್ ಆದ್ರೂ ಹೇಳೋದು ಬ್ಯಾಡ್ವಾ?" ಎಂದ.

ನಾನು ಹೇಳಲಿಲ್ಲ. ಸಿಪ್ಪೆ ಎಸೆದವರ ಮೇಲಿದ್ದ ಸಿಟ್ಟಿಗಿಂತ ದೊಡ್ಡ ಸಿಟ್ಟು ಅಲ್ಲಿ ಹುಟ್ಟಿತು. ಎಸೆದವರಿಗೆ ನಾನು ಮಂಗ. ಇವರಿಗೆ ನಾನು ನೆಪ. ಹೊಡೆದಾಡಲು ಮೈ ತುರಿಸುತ್ತಿತ್ತು, ಕಾರಣವೊಂದು ಬೇಕಿತ್ತು, ನನ್ನ ಚರ್ಮ ಸಿಕ್ಕಿತು.

ಕೆಲವು ದಿನಗಳ ಮೇಲೆ ಹೊನ್ನಾಳಿಯಲ್ಲಿ ರಾಜಿ ಮಾತುಕತೆ ಏರ್ಪಾಟಾಯಿತು. ಎರಡೂ ಕಡೆಯ ಹಿರಿಯರು ಬಂದಿದ್ದರು. ನೋಡಿದರೆ ಅರ್ಧ ಜನ ಒಬ್ಬರಿಗೊಬ್ಬರು ಬೀಗರು ನೆಂಟರು. ಮಂಡಕ್ಕಿ, ಚಹಾ ಬಂದವು. ಯಾರ ಬಾವುಟ ಮೊದಲು ಹರಿಯಿತು, ಯಾರ ಬೈಕಿನ ಕನ್ನಡಿ ಒಡೆಯಿತು ಎಂದು ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಕೈ ಕುಲುಕಿದರು. ಬಾಗಿಲ ಪಕ್ಕ ಕೂತಿದ್ದ ನನ್ನನ್ನು ಒಬ್ಬ ಹಿರಿಯರು ಆಗ ಗಮನಿಸಿದರು.

"ಮೇಷ್ಟ್ರೆ, ನೀವೂ ದೊಡ್ಡ ಮನಸ್ಸು ಮಾಡ್ರಿ. ಹುಡುಗ್ರು, ತಮಾಷಿಗೆ ಅಂದಿರ್ತಾರೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೊಂಡ್ರೆ ಹೆಂಗೆ?"

"ನಿಮ್ಮ ಮಗನಿಗೆ ಅಂದಿದ್ದರೂ ತಮಾಷೆಯೇ ಆಗ್ತಿತ್ತಾ?" ಎಂದು ಕೇಳಿದೆ.

"ಅವನಿಗ್ಯಾಕೆ ಅಂತಾರೆ?" ಎಂದರು ಅವರು. ಬೇಕೆಂದು ಹೇಳಿದ್ದಲ್ಲ. ತಟ್ಟನೆ, ಸಹಜವಾಗಿ ಬಾಯಿಗೆ ಬಂದ ಮಾತು. ಯಾರೂ ನಗಲಿಲ್ಲ, ಯಾರೂ ತಲೆ ತಗ್ಗಿಸಲೂ ಇಲ್ಲ. ಬಜ್ಜಿಯಮ್ಮನ ವಿಷಯ ಎತ್ತಿದೆ. "ನೋಡೋಣ, ಏನಾದ್ರೂ ಮಾಡೋಣ" ಎಂದು ಎದ್ದರು. ಏನೂ ಮಾಡಲಿಲ್ಲ. ಆ ಅಮ್ಮನ ಸುಟ್ಟ ಕಾಲು ಮಾಯುವ ತನಕ ಅವರ ತಂಗಿ ಒಲೆ ನೋಡಿಕೊಂಡರು ಎಂದು ಆಮೇಲೆ ಚನ್ನಗಿರಿಗೆ ಹೋದಾಗ ತಿಳಿಯಿತು.

ನಾನು ತಂಡ ಬಿಡುತ್ತೇನೆ ಎಂದಾಗ ಗಣಿತದ ಮೇಷ್ಟ್ರು, "ಒಂದು ಸಲ ಆ ಹುಡುಗ್ರಿಗೆ ಆವತ್ತು ನಾವು ನೋಡಿದ ಸಿನಿಮಾ ತೋರಿಸ್ರಿ. ಕಣ್ಣಾರೆ ನೋಡಿದ್ರೆ ಅರ್ಥ ಆಗ್ತೈತೆ" ಎಂದರು. ನಮ್ಮ ಕಡೆ ಇಂಥದ್ದಿಲ್ಲ ಎಂಬ ಮಾತನ್ನು ಅವರು ಚನ್ನಗಿರಿಯಿಂದ ಬಂದ ಮೇಲೆ ಮತ್ತೆ ಆಡಿರಲಿಲ್ಲ. ಸಿನಿಮಾದ ಮೇಲೆ ನನಗಿಂತ ಅವರಿಗೆ ನಂಬಿಕೆ ಜಾಸ್ತಿ. ನಾನೂ ಒಪ್ಪಿದೆ.

ಮುಂದಾಳಿನ ಅಡಿಕೆ ಗೋದಾಮಿನಲ್ಲೇ ಒಂದು ಭಾನುವಾರ ಮಧ್ಯಾಹ್ನ ಷಟರ್ ಇಳಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಮೇಷ್ಟ್ರು ತಂದ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಗೋಣಿಚೀಲಗಳ ಮೇಲೆ ಕೂತು ಎಲ್ಲರೂ ನೋಡಿದರು. ಮಾತು ಇಂಗ್ಲಿಷಿನದು; ಮೇಷ್ಟ್ರು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದರ ಅಗತ್ಯವೇ ಬೀಳಲಿಲ್ಲ. ನಿಲ್ದಾಣದ ಹೊಡೆದಾಟ ಬಂದಾಗ ಶಿಳ್ಳೆ. ಬಾಟಲಿ ಒಡೆದಾಗ ಶಿಳ್ಳೆ. ಗುಂಪು ಹಾಡುತ್ತ ಬೀದಿಯಲ್ಲಿ ನಡೆದುಬಂದಾಗ ಇವರೂ ಎದ್ದು ನಿಂತು ತಮಟೆ ಬಾರಿಸಿದರು. ಕಪ್ಪು ಹುಡುಗನನ್ನು ನೆಲಕ್ಕೆ ಕೆಡವಿ ಒದೆಯುವ ದೃಶ್ಯ ಬಂತು. ಅಲ್ಲಿ ಒಂದು ಕ್ಷಣ ಸದ್ದು ಅಡಗಿತು. ಈಗ ತಟ್ಟಿತು ಅಂದುಕೊಂಡೆ. ಹಿಂದಿನಿಂದ ಒಬ್ಬ, "ಥೇಟ್ ನಮ್ಮ ಕರಿಹುಲಿ ಇದ್ದಂಗೆ ಅದಾನೆ ನೋಡ್ರೋ" ಎಂದ. ಗೋದಾಮು ನಗುವಿನಿಂದ ತುಂಬಿಹೋಯಿತು.

ಮುಗಿದ ಮೇಲೆ ಮುಂದಾಳು ಬಂದು ಭುಜದ ಮೇಲೆ ಕೈ ಹಾಕಿದ. "ಸಖತ್ತಾಗೈತೆ ಅಣ್ಣ. ನಮ್ದೂ ಹಿಂಗೇ ಒಂದು ಜಾಕೆಟ್ ಮಾಡಿಸ್ಬೇಕು. ಇದ್ರ ಎರಡನೇ ಭಾಗ ಐತಾ?"

ಮೇಷ್ಟ್ರು ವೈರು ಸುತ್ತುತ್ತಿದ್ದರು. ನಾನು ಅವನ ಕೈ ಭುಜದಿಂದ ಎತ್ತಿ ಕೆಳಗೆ ಬಿಟ್ಟೆ. ಅದೇ ಕೊನೆ. ಆ ತಂಡದ ಬನಿಯನ್ ಮತ್ತೆ ತೊಡಲಿಲ್ಲ.

ತಪ್ಪು ಆ ಹುಡುಗರದು ಮಾತ್ರವಲ್ಲ ಎಂದು ಈಗಲೂ ವಾದಿಸುತ್ತೇನೆ. ಆ ಸಿನಿಮಾ ತೆಗೆದವರು ಹೊಡೆಯುವುದನ್ನು ಅಷ್ಟು ಸುಂದರವಾಗಿ ತೋರಿಸಿದ್ದರು. ಒಟ್ಟಾಗಿ ನಡೆಯುವ ಕಾಲುಗಳು, ಒಟ್ಟಾಗಿ ಏಳುವ ದನಿ. ಯಾರಿಗೆ ತಾನೇ ಆ ಸಾಲಿನಲ್ಲಿ ಸೇರಬೇಕು ಅನ್ನಿಸುವುದಿಲ್ಲ? ನನಗೇ ಅನ್ನಿಸಿತ್ತು. ನಮ್ಮವರು ಎನ್ನುವ ಮಾತಿನ ಬೆಚ್ಚಗಿನ ಹಿತಕ್ಕೆ ಯಾರಾದರೂ ಒಬ್ಬ ಹೊರಗಿನವನು ಬೇಕೇ ಬೇಕು ಎಂಬುದನ್ನು ಕೊನೆಯ ಐದು ನಿಮಿಷದಲ್ಲಿ ದುಃಖದ ಸಂಗೀತ ಹಾಕಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಮಳೆಗಾಲ ಕಳೆದ ಮೇಲೆ ಜಗಳೂರಿನಲ್ಲಿ ನಾವೇ ಒಂದು ತಂಡ ಕಟ್ಟಿದೆವು. ಇಬ್ಬರು ಶಿಕ್ಷಕರು, ಒಬ್ಬ ಕೆ.ಇ.ಬಿ. ಲೈನ್‌ಮನ್, ಉಳಿದವರು ಹೊಲದ ಕೆಲಸದವರು, ಹಮಾಲಿ ಮಾಡುವವರು. ಮೇಷ್ಟ್ರು ಮ್ಯಾನೇಜರ್. ಬಾವುಟ ಇಲ್ಲ, ತಮಟೆ ಇಲ್ಲ. ನಮ್ಮ ಜೊತೆ ಊರಿಂದೂರಿಗೆ ಬರುವ ಅಭಿಮಾನಿಗಳೂ ಇಲ್ಲ. ಜಗಳೂರಿನವರೆಂದರೆ ಒಣಸೀಮೆಯವರು ಎಂದು ಆಡಿಕೊಳ್ಳುವವರ ಮಾತು ಕೇಳಿ ಕೇಳಿ ನಮ್ಮ ತಂಡದವರಿಗೆ ಅಭ್ಯಾಸವಾಗಿತ್ತು. ಬಹುಶಃ ಅದಕ್ಕೇ ನನ್ನನ್ನು ಯಾವ ಪ್ರಾಣಿಯ ಹೆಸರಿನಿಂದಲೂ ಕರೆಯಲಿಲ್ಲ. "ಸರ್" ಎನ್ನುತ್ತಿದ್ದರು, ಸಿಟ್ಟು ಬಂದರೆ ಬೈಯುತ್ತಿದ್ದರು.

ಮರುವರ್ಷ ನ್ಯಾಮತಿಯ ಪಂದ್ಯಾವಳಿಯಲ್ಲಿ ಎರಡನೆಯ ಸುತ್ತಿಗೆ ನಮ್ಮ ಎದುರು ಬಂದದ್ದು ಅದೇ ಹೊನ್ನಾಳಿಯ ತಂಡ. ಅಭಿಮಾನಿಗಳು ಹೊಸ ಜಾಕೆಟ್ ಹಾಕಿಕೊಂಡು ಬಂದಿದ್ದರು. ನಾನು ಮೊದಲ ರೈಡಿಗೆ ಹೊರಟೆ. ನಡುಗೆರೆ ದಾಟಿ, "ಕಬಡ್ಡಿ ಕಬಡ್ಡಿ" ಎನ್ನುತ್ತ ಎಡಗಡೆಗೆ ಸರಿದೆ.

ಹೂ, ಹೂ, ಹೂ.

ತಿರುಗಿ ನೋಡಿದೆ. ಮುಂದಾಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗುತ್ತಿದ್ದ. ಕಣ್ಣಿನಲ್ಲಿ ದ್ವೇಷ ಕಾಣಲಿಲ್ಲ. ಖುಷಿ ಇತ್ತು. ಚನ್ನಗಿರಿಯಲ್ಲಿ ಇದೇ ಸದ್ದಿಗಾಗಿ ಕುರ್ಚಿ ಎತ್ತಿ ಹೊಡೆದವನು ಇವನೇ.

ನನ್ನ ಬಾಯಿಂದ ಕಬಡ್ಡಿ ಎಂಬ ಮಾತು ನಿಂತುಹೋಯಿತು. ಉಸಿರು ಬಿಟ್ಟರೆ ಔಟ್. ಅಂಪೈರ್ ಸೀಟಿ ಊದಿದ. ನಾನು ನಮ್ಮ ಅಂಕಣಕ್ಕೆ ಹಿಂತಿರುಗದೆ ನೇರ ವೀಕ್ಷಕ ವಿವರಣೆಯವರ ಮೇಜಿಗೆ ಹೋಗಿ ಮೈಕ್ ಕೇಳಿದೆ. ಅವರು ಗಾಬರಿಯಲ್ಲಿ ಕೊಟ್ಟೇಬಿಟ್ಟರು. ಏನು ಮಾತಾಡಬೇಕೆಂದು ಮೊದಲೇ ಯೋಚಿಸಿದವನಲ್ಲ. ಬಂದದ್ದು ಇಷ್ಟು:

"ಹೋದ ವರ್ಷ ನನ್ನನ್ನು ಹೆಗಲ ಮೇಲೆ ಹೊತ್ತವರೇ ಈಗ ಮಂಗನ ಹಾಗೆ ಕೂಗುತ್ತಿದ್ದಾರೆ. ಇದೇ ಕೂಗಿಗಾಗಿ ಚನ್ನಗಿರಿಯಲ್ಲಿ ಹೊಡೆದಾಡಿ ಒಬ್ಬ ಹೆಂಗಸಿನ ಕಾಲು ಸುಟ್ಟರು. ನಾನು ಯಲ್ಲಾಪುರದವನು. ಜಗಳೂರಿನಲ್ಲಿ ಮಾಸ್ತರ. ಈ ಕೂಗು ನಿಲ್ಲುವ ತನಕ ನಾನು ಆಡುವುದಿಲ್ಲ."

ಯಾರೋ ನಕ್ಕರು. ಸಂಘಟಕರು ಓಡಿಬಂದು ಮೈಕ್ ಕಸಿದುಕೊಂಡರು. "ಏನ್ರೀ ಇದು, ಆಟದಾಗೆ ಭಾಷಣ" ಎಂದರು. ನಾನು ಹೋಗಿ ಮ್ಯಾಟಿನ ಮೇಲೆ ಕೂತೆ. ನಮ್ಮ ಲೈನ್‌ಮನ್ ಬಂದು ಪಕ್ಕದಲ್ಲಿ ಕೂತ. ಆಮೇಲೆ ಹಮಾಲಿಗಳು. ನೋಡನೋಡುತ್ತ ಇಡೀ ಜಗಳೂರಿನ ತಂಡ ಕೂತಿತು. ಮೇಷ್ಟ್ರು ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು, ಸಂಕೋಚದಿಂದ ಬಂದು ನನ್ನ ಹಿಂದೆ ಕೂತರು. "ಎದ್ದೇಳ್ರಿ, ಪಾಯಿಂಟ್ ಹೋಗ್ತಾವೆ" ಎಂದು ಅಂಪೈರ್ ಎಷ್ಟು ಹೇಳಿದರೂ ಯಾರೂ ಏಳಲಿಲ್ಲ.

ಹೊನ್ನಾಳಿ ತಂಡದ ನಾಯಕ, ನನ್ನ ಜೊತೆ ಆಡಿದ್ದವನು, ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಕೊನೆಗೆ ಅವನೂ ಗೆರೆ ದಾಟಿ ಬಂದು ಕೂತ. ಅವನ ಹಿಂದೆ ಇನ್ನೊಬ್ಬ ಬರಲಿಲ್ಲ. ಅವನದೇ ಅಭಿಮಾನಿಗಳು ಅವನ ಅಪ್ಪ ಅಮ್ಮನನ್ನು ಎತ್ತಿ ಬೈದರು. ಪಂದ್ಯವನ್ನು ಅವರ ತಂಡಕ್ಕೇ ಕೊಟ್ಟರು. ಜಾಕೆಟ್ಟಿನವರು ಕುಣಿದರು.

ಈ ಸಂಗತಿ ಹೇಳಿದಾಗಲೆಲ್ಲ ಕೇಳಿದವರು ಆ ನಾಯಕನನ್ನು ಹಿಡಿದುಕೊಳ್ಳುತ್ತಾರೆ. "ನೋಡಿ, ಒಬ್ಬನಾದರೂ ಬಂದನಲ್ಲ" ಎನ್ನುತ್ತಾರೆ. ಬಂದ, ನಿಜ. ಅವನ ಮೇಲೆ ನನಗೆ ಗೌರವ ಇದೆ. ಆದರೆ ಅವನೊಬ್ಬನನ್ನು ಮುಂದೆ ನಿಲ್ಲಿಸಿ ಉಳಿದವರೆಲ್ಲ ಅವನ ಹಿಂದೆ ಬಚ್ಚಿಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ದೀಪಾವಳಿಗೆ ಮುಂಚೆ ಮುಂದಾಳು ಜಗಳೂರಿನ ಶಾಲೆಗೆ ಬಂದ. ಆ ನಾಯಕ ತಂಡ ಬಿಟ್ಟಿದ್ದನಂತೆ, ತಂಡ ಸೋಲುತ್ತಿತ್ತಂತೆ. ಶಾಲೆಯ ಬೇವಿನ ಮರದ ಕೆಳಗೆ ನಿಂತು ಮಾತಾಡಿದ.

"ತಪ್ಪಾತು ಅಣ್ಣ. ಆಟದ ಜೋಶ್‌ನಾಗೆ ಅಂದಿದ್ದು. ನೀನು ಎದುರು ಟೀಮಿನಾಗೆ ಇದ್ದೆ, ಅದಕ್ಕೆ ಅಂದ್ವಿ. ನಮ್ಮ ಟೀಮಿಗೆ ಬಾ, ಯಾವನೂ ಅನ್ನಂಗಿಲ್ಲ."

"ಅಂದರೆ ನಿಮ್ಮ ಟೀಮಿನಲ್ಲಿದ್ದರೆ ಮನುಷ್ಯ, ಇಲ್ಲದಿದ್ದರೆ ಮಂಗ?"

"ಹಂಗಲ್ಲಣ್ಣ..."

"ಹಾಗೇ. ನೀನು ಈಗ ಹೇಳಿದ್ದೇ ಅದು."

ಅವನು ಮುಖ ಕೆಂಪಗೆ ಮಾಡಿಕೊಂಡು ಬೈಕಿನ ಕೀಲಿ ತಿರುಗಿಸತೊಡಗಿದ. "ಚನ್ನಗಿರಿಗೆ ಹೋಗಿ ಆ ಅಮ್ಮನ ಹತ್ತಿರ ಮೊದಲು ತಪ್ಪಾಯಿತು ಅನ್ನು. ಅವರು ಸಂತೆಯ ದಿನ ಬಜ್ಜಿ ಮಾಡುತ್ತಾರೆ. ನನ್ನ ಮಾತು ಆಮೇಲೆ" ಎಂದೆ. "ನೋಡ್ತೀನಿ ಅಣ್ಣ" ಎಂದು ಬೈಕ್ ಹತ್ತಿದ.

ಹೋದ ತಿಂಗಳು ಚನ್ನಗಿರಿಗೆ ಹೋದಾಗ ಕೇಳಿದೆ. "ಯಾರೂ ಬಂದಿಲ್ಲ ಕಣ್ರೀ" ಎಂದರು ಆ ಹೆಂಗಸು, ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುತ್ತ. ಆಮೇಲೆ ನನ್ನ ಮುಖ ನೋಡಿ, "ನೀವ್ಯಾಕೆ ಇಷ್ಟು ಉರೀತೀರಿ, ಕುಂದರ್ರಿ, ಬಿಸಿ ಐತೆ, ತಿನ್ರಿ" ಎಂದು ಪೇಪರಿನಲ್ಲಿ ಎರಡು ಬಜ್ಜಿ ಇಟ್ಟು ಕೊಟ್ಟರು. ತಿಂದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯಲಿ ಎಂದು ನನಗೂ ಅನ್ನಿಸಿಲ್ಲ.